ಎದೆಮಟ್ಟಕ್ಕೆ ಎರಡು ಬೆರಳು ಕೆಳಗೆ

ಸಭೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಾಗ ಅವಳ ಪಾದ ನೆಲಕ್ಕೆ ತಾಗಲಿಲ್ಲ. ಹೆಬ್ಬೆರಳ ತುದಿ ಮಾತ್ರ ಹಾಸುಗಲ್ಲನ್ನು ಸವರಿ ಹಿಂದಕ್ಕೆ ಬರುತ್ತಿತ್ತು. ಮೂವತ್ತೊಂದು ವರ್ಷದಿಂದ ಇದೇ ಕಚೇರಿ, ಇದೇ ಬೆಂಚು, ಹಿಂದೆ ತಾಗುತ್ತಿತ್ತೇ? ತಾಗುತ್ತಿದ್ದಿರಬೇಕು, ನೆಲಕ್ಕೆ ತಾಗುವ ಕಾಲನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ. ಒಂದು ತಿಂಗಳಿಂದ ಲೋಕದಲ್ಲಿರುವುದೆಲ್ಲ ಎರಡು ಬೆರಳು ಮೇಲಕ್ಕೆ ಹೋಗಿ ನಿಂತ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಬಾಗಿಲ ಚಿಲಕ, ಬಸ್ಸಿನ ಮೆಟ್ಟಿಲು, ಅಡಿಗೆಮನೆಯ ಹಲಗೆಯ ಮೇಲಿನ ಸಕ್ಕರೆ ಡಬ್ಬಿ, ಎಲ್ಲವೂ ಸೇರಿ ಅವಳಿಗೆ ಗೊತ್ತಾಗದ ಹಾಗೆ ಮಾತಾಡಿಕೊಂಡಿದ್ದವು. ತೊಡೆಯ ಮೇಲಿದ್ದ ಕೈಚೀಲದೊಳಗೆ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಮೂರೇ ವಾಕ್ಯ. ಅದಕ್ಕೆ ಸಹಿ ಹಾಕಿ, ಕರೆದಾಗ ಒಳಗೆ ಹೋಗಿ, ಹೊರದೇಶದಿಂದ ಬಂದವರ ಮುಂದೆ ಗಟ್ಟಿಯಾಗಿ ಓದಿ ಬರಬೇಕು. ಓದಲು ಒಂದು ನಿಮಿಷವೂ ಹಿಡಿಯದು. ಆಮೇಲೆ ಏಳು ತಿಂಗಳು, ಆಮೇಲೆ ನಿವೃತ್ತಿ, ಆಮೇಲೆ ಒಂದು ಹಾರ, ಒಂದು ಗೋಡೆ ಗಡಿಯಾರ. ಕಾಗದವನ್ನು ಅವಳು ಎಷ್ಟು ಸಲ ಬಿಚ್ಚಿ ಮಡಿಸಿದ್ದಳೆಂದರೆ ಮಡಿಕೆಯ ಗೆರೆ ಸವೆದು ನಡುವಿನ ವಾಕ್ಯ ಎರಡು ತುಂಡಾಗುವ ಹಾಗಿತ್ತು. ‘ಕಳೆದ ಹಲವು ವರ್ಷಗಳ ಮರಗಳ ಅಳತೆಯಲ್ಲಿ ನನ್ನ ವೈಯಕ್ತಿಕ ನಿರ್ಲಕ್ಷ್ಯದಿಂದ ದೋಷ ಉಂಟಾಗಿರುತ್ತದೆ. ವರದಿಯಲ್ಲಿ ಕಂಡುಬಂದಿರುವ ಎಲ್ಲ ವ್ಯತ್ಯಾಸಗಳಿಗೂ ಇದೇ ಕಾರಣವಾಗಿರುತ್ತದೆ. ಇದಕ್ಕೆ ನಾನೊಬ್ಬಳೇ ಹೊಣೆ.’ ನಾನೊಬ್ಬಳೇ. ಮೂವತ್ತೊಂದು ವರ್ಷದಲ್ಲಿ ಈ ಕಚೇರಿ ಅವಳನ್ನು ಒಂದು ಕೆಲಸಕ್ಕೂ ಒಬ್ಬಳನ್ನೇ ಹೊಣೆ ಮಾಡಿರಲಿಲ್ಲ. ಹೊಗಳುವಾಗ ಯಾವಾಗಲೂ ‘ನಮ್ಮ ಸಿಬ್ಬಂದಿ’ ಎನ್ನುತ್ತಿದ್ದರು.

ಅವಳ ಕೆಲಸ ಮರದ ಸುತ್ತಳತೆ ತೆಗೆಯುವುದು. ನದಿಯಾಚೆಯ ಕಾಡಿನಲ್ಲಿ ಅರವತ್ತು ಪ್ಲಾಟುಗಳನ್ನು ಗುರುತು ಮಾಡಿದ್ದರು. ಒಂದೊಂದರಲ್ಲೂ ನಲವತ್ತು, ಐವತ್ತು ಮರ, ಒಂದೊಂದು ಮರಕ್ಕೂ ಒಂದು ನಂಬರಿನ ಬಿಲ್ಲೆ. ಎರಡು ವರ್ಷಕ್ಕೊಮ್ಮೆ ಅದೇ ಮರಕ್ಕೆ ಟೇಪು ಸುತ್ತಿ, ಎಷ್ಟು ದಪ್ಪವಾಯಿತು ಎಂದು ಬರೆಯಬೇಕು. ಆ ಅಂಕಿ ಕಚೇರಿಗೆ, ಅಲ್ಲಿಂದ ರಾಜಧಾನಿಗೆ, ಅಲ್ಲಿಂದ ನಲವತ್ತೊಂದು ದೇಶಗಳು ಕೂಡಿ ಕೂರುವ ಯಾವುದೋ ಸಭೆಗೆ ಹೋಗುತ್ತಿತ್ತು. ಯಾವ ದೇಶದ ಕಾಡು ಎಷ್ಟು ಬೆಳೆಯಿತು, ಎಷ್ಟು ಹೊಗೆ ಕುಡಿಯಿತು, ಯಾರು ಎಷ್ಟು ಮರ ಕಡಿಯಬಹುದು, ಯಾರ ಮರವನ್ನು ಯಾರು ಕೊಳ್ಳಬಾರದು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತಂತೆ. ಆ ನಲವತ್ತೊಂದು ದೇಶಗಳೂ ಒಪ್ಪಿದ್ದ ಮೊದಲ ಮಾತು, ಮರವನ್ನು ಎದೆಮಟ್ಟದಲ್ಲಿ ಅಳೆಯಬೇಕು ಅನ್ನುವುದು. ಎದೆಮಟ್ಟ ಎಂದರೆ ನೆಲದಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್. ಕೆಲಸಕ್ಕೆ ಸೇರಿದ ವಾರ ಆ ಎತ್ತರದ ಕೋಲನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನೋಡಿದರೆ ಅದು ಅವಳ ಗದ್ದಕ್ಕೆ ಬಂತು. ಯಾವ ದೇಶದ ಗಂಡಸಿನ ಎದೆಯೋ, ಎಂಥಾ ಆಳೋ, ಅವನ ಎದೆ ಇರುವ ಕಡೆ ಇವಳ ಗದ್ದ. ಎರಡನೇ ವರ್ಷಕ್ಕೆ ಕೋಲು ಹೊರುವುದನ್ನು ಬಿಟ್ಟಳು. ಮರದ ಹತ್ತಿರ ಹೋಗಿ, ಹಿಮ್ಮಡಿ ಊರಿ, ಗದ್ದವನ್ನು ತೊಗಟೆಗೆ ಒತ್ತಿದರೆ ಮುಗಿಯಿತು. ಅಲ್ಲಿಗೆ ಸೀಮೆಸುಣ್ಣದ ಗೆರೆ, ಗೆರೆಯ ಮೇಲೆ ಟೇಪು. ಒಮ್ಮೆ ಪರೀಕ್ಷೆಗೆ ಬಂದ ಮೇಲ್ವಿಚಾರಕ ಕೋಲು ಇಟ್ಟು ಹತ್ತು ಮರ ನೋಡಿ, ಒಂದು ನೂಲೂ ತಪ್ಪಿಲ್ಲವಲ್ಲ ಎಂದು ಬಾಯಿ ಬಿಟ್ಟಿದ್ದ. ಅಂದಿನಿಂದ ಅವಳಿಗೆ ಗದ್ದದಕ್ಕ ಎಂದೇ ಹೆಸರು. ಕಾಡಿನ ಎರಡೂವರೆ ಸಾವಿರ ಮರಗಳಿಗೆ ಅವಳು ಗದ್ದ ಕೊಟ್ಟಿದ್ದಳು. ಹೆತ್ತ ತಾಯಿಗೂ ಅಷ್ಟು ಹತ್ತಿರದಿಂದ ಮುಖ ಕೊಟ್ಟು ನಿಂತವಳಲ್ಲ. ಕೆಲವು ತೊಗಟೆ ಬೆಳಿಗ್ಗೆ ತಣ್ಣಗಿರುತ್ತಿತ್ತು, ಕೆಲವು ಒರಟು, ಒಂದರ ಮೇಲೆ ಯಾವಾಗಲೂ ಇರುವೆ ಸಾಲು. ಗದ್ದದ ಕೆಳಗೆ ಒಂದು ಜಡ್ಡುಗಟ್ಟಿದ ಜಾಗವೇ ಆಗಿಹೋಗಿತ್ತು.

“ಅಕ್ಕ, ನೆಟ್ಟಗೆ ನಿಲ್ಲು.” ಹೊಲಿಗೆ ಮಾಡುವ ತಂಗಿ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದ್ದಳು. ಇಬ್ಬರೂ ಒಂದೇ ಮನೆಯಲ್ಲಿ, ಇಬ್ಬರ ಕೈಯಲ್ಲೂ ಟೇಪು. ಒಬ್ಬಳದು ಮರಕ್ಕೆ, ಒಬ್ಬಳದು ಮನುಷ್ಯರಿಗೆ. “ನೆಟ್ಟಗೇ ನಿಂತಿದೀನಿ.” “ನಿಂತಿದ್ರೆ ಈ ಅಂಗಿ ಯಾಕೆ ನೆಲ ಗುಡಿಸ್ತಿದೆ? ಹೋದ ಸಲದ ಅಳತೆಗೇ ಕತ್ತರಿಸಿದೀನಿ.” ತಂಗಿ ಗೋಡೆಗೆ ನಿಲ್ಲಿಸಿ ಅಳೆದಳು. ಹಳೆಯ ಪುಸ್ತಕ ತೆಗೆದಳು. ಮತ್ತೆ ಅಳೆದಳು. ಆಮೇಲೆ ಪಿನ್ನುಗಳನ್ನೆಲ್ಲ ಅಂಗೈಗೆ ಉಗುಳಿ ನಕ್ಕಳು. “ಎರಡು ಬೆರಳು ಕುಗ್ಗಿದೀಯ ಕಣೇ. ಒಗೆದ ಹತ್ತಿಬಟ್ಟೆ ಥರ. ವಯಸ್ಸಾದ್ಮೇಲೆ ಎಲ್ರೂ ಕುಗ್ತಾರೆ, ಅದಕ್ಯಾಕೆ ಮುಖ ಹಾಗೆ ಮಾಡ್ಕೊಂಡೆ? ಬಟ್ಟೆ ಉಳೀತು ಬಿಡು.” ಅವಳು ನಗಲಿಲ್ಲ. ಅವಳ ಕೈ ತಾನಾಗಿ ಗದ್ದಕ್ಕೆ ಹೋಗಿತ್ತು. ಅವಳು ಎರಡು ಬೆರಳು ಕುಗ್ಗಿದ್ದರೆ ಗದ್ದವೂ ಎರಡು ಬೆರಳು ಇಳಿದಿದೆ. ಬುಡದ ಕಡೆಗೆ ಹೋದಷ್ಟೂ ಮರ ದಪ್ಪ. ಎಷ್ಟು ವರ್ಷದಿಂದ? ಅವಳು ಮುದುಕಿಯಾದಷ್ಟೂ ಕಾಡು ಕಾಗದದ ಮೇಲೆ ಕೊಬ್ಬುತ್ತಾ ಹೋಗಿತ್ತೇ? ಅವಳ ಬೆನ್ನುಮೂಳೆ ಸವೆದದ್ದನ್ನು ನಲವತ್ತೊಂದು ದೇಶಗಳು ಕೂತು ಹಸಿರು ಎಂದು ಲೆಕ್ಕ ಹಿಡಿದಿದ್ದವೇ?

ಮರುದಿನ ಬೆಳಕು ಹರಿಯುತ್ತಲೇ ಮೂರನೇ ಪ್ಲಾಟಿಗೆ ಹೋಗಿದ್ದಳು. ಐದು ವರ್ಷಕ್ಕೊಮ್ಮೆ ಮರಕ್ಕೆ ಬಳಿಯುವ ಬಿಳಿ ಪಟ್ಟಿಯನ್ನೂ ಅವಳ ಗದ್ದದ ಗುರುತಿಗೇ ಬಳಿದದ್ದು. ಕೈಯಿಂದ ಪಾಚಿ ಒರೆಸಿ ಕಣ್ಣು ಕಿರಿದು ಮಾಡಿ ನೋಡಿದರೆ, ಹೊಸ ಪಟ್ಟಿಗೆ ಎರಡು ಬೆರಳು ಮೇಲೆ, ಹಳೆಯ ಪಟ್ಟಿಯ ಮಾಸಿದ ನೆರಳು. ಅಲ್ಲಿ ಅಂದಿನ ಅವಳು ನಿಂತಿದ್ದಳು, ಇಲ್ಲಿ ಇಂದಿನ ಅವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳನ್ನು ಯಾರೂ ಏನೂ ಅನ್ನದೆಯೇ ಇವಳು ಗದ್ದ ಮುಟ್ಟಿಕೊಂಡು ನಿಂತಿದ್ದಳು. ಆದರೆ ಅಳೆಯುವವಳಿಗೆ ಅಳೆಯದೆ ಅಳುವುದು ಗೊತ್ತಿಲ್ಲ. ಆ ದಿನವೇ ನಲವತ್ತು ಮರಕ್ಕೆ ಎರಡೆರಡು ಸಲ ಟೇಪು ಸುತ್ತಿದಳು, ಹಳೆಯ ಪಟ್ಟಿಯಲ್ಲೊಮ್ಮೆ, ಹೊಸದರಲ್ಲೊಮ್ಮೆ. ವ್ಯತ್ಯಾಸ ಹೆಚ್ಚೆಂದರೆ ಒಂದು ದಾರದಷ್ಟು. ಕೆಲವು ಮರಕ್ಕೆ ಅದೂ ಇಲ್ಲ. ಮನೆಗೆ ಬಂದು ಊಟದ ಮೇಜಿನ ಮೇಲೆ ಎರಡು ಪುಟದ ಪತ್ರ ಬರೆದಳು: ಹೀಗೆ ಹೀಗೆ ನನ್ನಿಂದ ತಪ್ಪಾಗಿದೆ, ಎರಡು ಬೆರಳು ಕೆಳಗೆ ಅಳೆದಿದ್ದೇನೆ, ಅದರಿಂದ ಸುತ್ತಳತೆ ಇಷ್ಟು ಹೆಚ್ಚು ಬಂದಿದೆ, ನಲವತ್ತು ಮರದ ಪಟ್ಟಿ ಲಗತ್ತಿಸಿದೆ, ಎಲ್ಲ ಪ್ಲಾಟನ್ನೂ ಕೋಲು ಹಿಡಿದು ಮತ್ತೊಮ್ಮೆ ಅಳೆದುಕೊಡುತ್ತೇನೆ. ಬರೆದು ಮುಗಿಸಿದಾಗ ಒಳಗೆ ಏನೋ ಹಗುರಾಗಿತ್ತು. ಅಷ್ಟು ಹಗುರಾಗಬಾರದಿತ್ತು ಎಂದು ಈಗ, ಈ ಬೆಂಚಿನ ಮೇಲೆ ಕಾಲು ತೂಗಾಡಿಸುತ್ತ ಕೂತಾಗ, ಅವಳಿಗೆ ಅನ್ನಿಸಿತು.

ಪತ್ರ ಕೊಟ್ಟ ಮೂರನೇ ದಿನ ಮುಖ್ಯಸ್ಥರು ಕರೆಸಿದ್ದರು. ಕರೆಸಿ, ಕುರ್ಚಿ ತೋರಿಸಿದ್ದರು. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಅಲ್ಲೂ ಕಾಲು ನೆಲಕ್ಕೆ ತಾಗಲಿಲ್ಲ. “ಎಂಥಾ ಪ್ರಾಮಾಣಿಕತೆ ನಿಮ್ಮದು!” ಎಂದರು. ಬೈಗುಳಕ್ಕೆ ಸಿದ್ಧವಾಗಿ ಹೋದವಳಿಗೆ ಹೊಗಳಿಕೆ ಬಿದ್ದರೆ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯುವುದಿಲ್ಲ. ಅವರ ಮೇಜಿನ ಮೇಲೆ ಉಪಗ್ರಹದ ಚಿತ್ರಗಳು ಹರಡಿದ್ದವು. ಹೋದ ವರ್ಷದ ಒಪ್ಪಂದದಲ್ಲಿ ಹೊಸದೊಂದು ಕಲಮು ಸೇರಿತ್ತು: ಪ್ರತಿ ದೇಶದ ಕಾಡನ್ನು ಬೇರೆ ಎರಡು ದೇಶದವರು ನೋಡಿ ಒಪ್ಪಬೇಕು, ನಿನ್ನದನ್ನು ನಾನು, ನನ್ನದನ್ನು ಅವನು. ಹಾಗೆ ನೋಡಿದವರು ಒಂದು ಪ್ರಶ್ನೆ ಕಳಿಸಿದ್ದರು. ನಿಮ್ಮ ವರದಿಯಲ್ಲಿ ನದಿಯಾಚೆಯ ಕಾಡು ವರ್ಷ ವರ್ಷ ದಪ್ಪವಾಗುತ್ತಿದೆ, ಚಿತ್ರದಲ್ಲಿ ತೆಳ್ಳಗಾಗುತ್ತಿದೆ, ಹೇಗೆ? “ನೋಡಿ, ದೇವರೇ ನಿಮ್ಮ ಪತ್ರ ಕಳಿಸಿದ ಹಾಗಾಯ್ತು,” ಎಂದು ಮುಖ್ಯಸ್ಥರು ಕನ್ನಡಕ ಒರೆಸಿದರು. “ಮನುಷ್ಯ ಅಂದ್ಮೇಲೆ ತಪ್ಪು ಆಗತ್ತೆ. ಒಬ್ಬರ ತಪ್ಪು ಅಂದ್ರೆ ಅವರೂ ಅರ್ಥ ಮಾಡ್ಕೋತಾರೆ. ಇಡೀ ದೇಶದ ಮರ್ಯಾದೆ ಉಳಿಯತ್ತೆ. ನಿಮ್ಮ ನಿವೃತ್ತಿಗೂ ತೊಂದ್ರೆ ಇಲ್ಲ, ಆ ಜವಾಬ್ದಾರಿ ನಂದು.” “ಸರ್, ಅದು ಒಂದು ದಾರದಷ್ಟು ಮಾತ್ರ. ಪಟ್ಟಿ ಲಗತ್ತಿಸಿದೀನಿ.” “ಪಟ್ಟಿ ಇರಲಿ ಬಿಡಿ, ಅವರಿಗೆ ಅಷ್ಟು ವಿವರ ಬೇಡ.” ಬೆರಳು ತೋರಿಸಿದರೆ ಹಸ್ತ ನುಂಗುವವರು ಎಂದು ಕೇಳಿದ್ದಳು. ಇಲ್ಲಿ ಅವಳೇ ಹೋಗಿ ಎರಡು ಬೆರಳು ತೋರಿಸಿ ಬಂದಿದ್ದಳು.

ಹತ್ತೊಂಬತ್ತು. ಆ ಸಂಖ್ಯೆಯನ್ನು ಮುಖ್ಯಸ್ಥರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಕುರ್ಚಿ ಮೇಜುಗಳ ನಡುವೆ ಅದು ಮಲಗಿದ ನಾಯಿಯ ಹಾಗೆ ಬಿದ್ದುಕೊಂಡಿತ್ತು, ಇಬ್ಬರೂ ಕಾಲು ತಾಗದ ಹಾಗೆ ಕೂತಿದ್ದರು. ಆರು ವರ್ಷದ ಹಿಂದೆ ಹದಿನೇಳನೇ ಪ್ಲಾಟಿಗೆ ಹೋದಾಗ ಅಲ್ಲಿ ಬರೀ ಬುಡಗಳಿದ್ದವು. ಬಿಸಿಲು ನೆಲದವರೆಗೆ ಬಂದಿತ್ತು, ಅದೇ ಮೊದಲು ಕಣ್ಣಿಗೆ ಹೊಡೆದದ್ದು. ಆ ಜಾಗದಲ್ಲಿ ಅವಳು ಎಂದೂ ತನ್ನ ನೆರಳು ನೋಡಿರಲಿಲ್ಲ. ಬೂಟಿಗೆ ಅಂಟು ಮೆತ್ತಿಕೊಂಡಿತು. ಗದ್ದ ಇಡಲು ಏನೂ ಇಲ್ಲದೆ, ಬಂದ ಕೆಲಸ ಮಾಡದೆ ಹೋಗಲೂ ಆಗದೆ, ಒಂದೊಂದು ಬುಡದ ಮೇಲೂ ಬಾಗಿ ಬಿಲ್ಲೆ ಹುಡುಕಿದ್ದಳು. ಸಿಕ್ಕಿದ್ದು ಏಳು. ಫಾರಮಿನಲ್ಲಿ ಮರವಿಲ್ಲ, ಮರವಿಲ್ಲ, ಮರವಿಲ್ಲ ಎಂದು ನಲವತ್ತಮೂರು ಸಲ ಬರೆದು ಕೊಟ್ಟಳು. ಎರಡು ವರ್ಷದ ನಂತರ ಅದೇ ಪ್ಲಾಟಿಗೆ ಹೊಸ ಫಾರಂ ಬಂದಾಗ, ಅದರಲ್ಲಿ ಅಚ್ಚು ಹಾಕಿ ಬರುವ ‘ಹಿಂದಿನ ಅಳತೆ’ಯ ಸಾಲಿನಲ್ಲಿ ನಲವತ್ತಮೂರು ಮರವೂ ನಿಂತಿದ್ದವು. ನಿಂತಿದ್ದವು ಮಾತ್ರವಲ್ಲ, ಚೆನ್ನಾಗಿ ಬೆಳೆದಿದ್ದವು. ನಕ್ಷೆಯವನ ಹತ್ತಿರ ಹೋಗಿ ಕೇಳಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಬೇಸಿಗೆ ಅವಳ ಟೇಪಿನ ಇನ್ನೊಂದು ತುದಿ ಹಿಡಿದವನು, ಈಗ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಬರೆಯುವವನು. ಅವನು ಪರದೆಯಿಂದ ಕಣ್ಣು ತೆಗೆಯದೆ, “ಅಕ್ಕ, ಅದು ತಾತ್ಕಾಲಿಕವಾಗಿ ಮರವಿಲ್ಲದ ಕಾಡು. ಮತ್ತೆ ನೆಡ್ತಾರೆ, ಮತ್ತೆ ಬೆಳೆಯತ್ತೆ. ಎಲ್ಲಾ ದೇಶಗಳೂ ಒಪ್ಪಿರೋದು, ಕೈಪಿಡೀಲೇ ಇದೆ,” ಎಂದಿದ್ದ. “ಕಾಡು ಅನ್ನು, ಬೇಡ ಅನ್ನಲ್ಲ. ಆದ್ರೆ ಇಲ್ಲದ ಮರಕ್ಕೆ ದಪ್ಪ ಎಲ್ಲಿಂದ ತಂದೆ? ಕೂದಲು ಬಂದೀತು ಅಂತ ಬೋಳುತಲೆಗೆ ಜಡೆ ಹೆಣೀತಾರಾ?” ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಅದೇ, ಅವಳೂ ನಕ್ಕಿದ್ದಳು. ವಾರದ ಮೇಲೆ ಆದೇಶ ಬಂತು: ದೂರದ ಪ್ಲಾಟುಗಳಿಗೆ ತಾವು ಹೋಗುವುದು ಬೇಡ, ವಯಸ್ಸಾಯಿತು, ಅದನ್ನು ಕಚೇರಿಯೇ ನೋಡಿಕೊಳ್ಳುತ್ತದೆ. ಆಮೇಲೆ ದೂರದ ಪ್ಲಾಟುಗಳ ಸಂಖ್ಯೆ ಹೆಚ್ಚುತ್ತ ಹೋಯಿತು. ಎರಡು, ಆರು, ಹನ್ನೊಂದು, ಹತ್ತೊಂಬತ್ತು. ಬಸ್ಸಿನ ಕಿಟಕಿಯಿಂದ ಕೆಲವು ಬೋಳಾಗಿ ಕಾಣುತ್ತಿದ್ದವು, ಉಳಿದವುಗಳ ಸುದ್ದಿಯನ್ನು ಅತ್ತಲಿಂದ ಬರುವ ದಿಮ್ಮಿಯ ಲಾರಿಗಳೇ ಹೇಳುತ್ತಿದ್ದವು. ಪ್ರತಿ ಸಲವೂ ಅವಳ ಬುದ್ಧಿಗಿಂತ ಮೊದಲು ಅವಳ ಮೊಣಕಾಲು ಸರಿ ಎಂದಿತ್ತು. ಏರು ಹತ್ತುವುದು ತಪ್ಪಿತಲ್ಲ ಎಂದು ಒಳಗೊಳಗೇ ಹಿಗ್ಗಿದ ಆ ಮೊಣಕಾಲನ್ನು ಅವಳು ಈಗ ಕೈಚೀಲದ ಕೆಳಗೆ ಒತ್ತಿ ಹಿಡಿದಿದ್ದಳು. ಎರಡು ಬೆರಳಿನ ತಪ್ಪನ್ನು ಅಷ್ಟು ಆತುರದಿಂದ ಎರಡು ಪುಟ ಬರೆದಳಲ್ಲ, ಹತ್ತೊಂಬತ್ತರ ಬಗ್ಗೆ ಒಂದು ಸಾಲು ಯಾಕೆ ಬರೆಯಲಿಲ್ಲ? ಚಿಕ್ಕ ತಪ್ಪನ್ನು ಗಟ್ಟಿಯಾಗಿ ಒಪ್ಪಿಕೊಂಡವಳಿಗೆ ದೊಡ್ಡದರ ಮುಖ ನೋಡದಿರಲು ಒಂದು ಪರದೆ ಸಿಗುತ್ತದೆ. ಅವಳು ಹೊಲಿದುಕೊಂಡ ಪರದೆಯನ್ನೇ ಇವರು ತೆಗೆದುಕೊಂಡು ತಮ್ಮ ಕಿಟಕಿಗೆ ಹಾಕಿದ್ದರು. ಅಳತೆ ಸರಿಹೋಗಿತ್ತು.

“ಸಹಿ ಹಾಕಿ ಬಾ,” ಎಂದಿದ್ದಳು ತಂಗಿ, ಬೆಳಿಗ್ಗೆ. ಹೊಲಿಗೆಯಂತ್ರದ ಸೂಜಿಗೆ ದಾರ ಪೋಣಿಸುತ್ತ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ. “ನಿನ್ನ ಹೆಸರು ಹೋದ್ರೆ ಯಾರ ಮನೆ ಗೋಡೆ ಬೀಳತ್ತೆ? ನಲವತ್ತೊಂದು ದೇಶದಲ್ಲಿ ನಿನ್ನ ಹೆಸರು ಯಾರಿಗೆ ಗೊತ್ತಿದೆ, ಅದನ್ನ ಕೆಡಿಸ್ಕೊಳ್ಳೋಕೆ?” “ನನಗೆ ಗೊತ್ತಲ್ಲ.” “ಓಹೋ! ಆರು ವರ್ಷ ಗೊತ್ತಿರಲಿಲ್ವಾ?” ತಂಗಿ ಅದನ್ನು ಚುಚ್ಚಬೇಕೆಂದು ಹೇಳಲಿಲ್ಲ; ಅವಳ ಮಾತಿಗೆ ಯಾವಾಗಲೂ ಸೂಜಿಯೇ ಮೊದಲು, ದಾರ ಆಮೇಲೆ. ಹೇಳಿ, ತಾನೇ ಹೆದರಿದವಳ ಹಾಗೆ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು. “ವಿಚಾರಣೆ ಅದು ಇದು ಅಂತ ಈ ವಯಸ್ಸಲ್ಲಿ ಎಲ್ಲಿ ಅಲೀತೀಯ ಅಕ್ಕ. ಓದಿ ಬಾ. ಮೂರು ವಾಕ್ಯ. ನುಂಗು, ನೀರು ಕುಡಿ, ಬಾ.” ಆರು ವರ್ಷ ಗೊತ್ತಿರಲಿಲ್ಲವಾ. ಬಸ್ಸಿನಲ್ಲಿ ಬರುವಾಗ ಅದು ಚಕ್ರದ ಸದ್ದಾಯಿತು, ಮೆಟ್ಟಿಲು ಹತ್ತುವಾಗ ಮೊಣಕಾಲಿನ ಸದ್ದಾಯಿತು. ಆದರೆ ವಿಚಿತ್ರವೆಂದರೆ ಅದರಿಂದ ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಮೊದಲು ತಂಗಿಯ ಮೇಲೆ, ಆಮೇಲೆ ತನ್ನ ಮೇಲೆ, ಹಾಗೇ ಮೇಲೇರುತ್ತ ಹೋಗಿ ಇನ್ನೂ ನಿಂತಿರಲಿಲ್ಲ.

ಬಾಗಿಲು ತೆರೆದು ನಕ್ಷೆಯವನು ಹೊರಗೆ ಬಂದ. ಇಸ್ತ್ರಿ ಹಾಕಿದ ಅಂಗಿ, ಕೊರಳಲ್ಲಿ ಬಿಲ್ಲೆ. ಹೊರದೇಶದ ಭಾಷೆ ಕಚೇರಿಯಲ್ಲಿ ಚೆನ್ನಾಗಿ ಬರುವುದು ಅವನೊಬ್ಬನಿಗೇ. ಹಾಗಾಗಿ ಎರಡೂ ಕಡೆಯ ಮಾತನ್ನು ದಾಟಿಸುವವನೂ ಅವನೇ. “ಬನ್ನಿ ಅಕ್ಕ. ಓದಿ ಬಿಟ್ರೆ ಆಯ್ತು. ನಾನು ಹೇಳ್ತೀನಿ ಅವರಿಗೆ.” “ಇದನ್ನ ಬರೆದಿದ್ದು ನೀನೇ ಅಲ್ವಾ?” ಅವನು ಬಿಲ್ಲೆಯನ್ನು ನೇರ ಮಾಡಿಕೊಂಡ. “ಸಾಹೇಬ್ರು ಹೇಳಿದ್ರು, ಬರೆದೆ. ನನಗೂ ಮಕ್ಕಳಿದ್ದಾರೆ.” “ಮರ ಹೆಚ್ಚಿಸಿದ್ದೂ ನೀನೇ.” “ಅಕ್ಕ, ಬಾಗಿಲ ಹತ್ರ ಬೇಡ,” ಎಂದ. ಎರಡು ಬೇಸಿಗೆ ಟೇಪು ಹಿಡಿದಾಗಲೂ ಅವನು ಹೀಗೇ; ಮುಳ್ಳು ಇರುವ ಕಡೆಯ ತುದಿಯನ್ನು ಎಂದೂ ಹಿಡಿಯುತ್ತಿರಲಿಲ್ಲ.

ಒಳಗೆ ಉದ್ದ ಮೇಜು, ತಣ್ಣನೆಯ ಗಾಳಿ, ನೀರಿನ ಬಾಟಲಿಗಳು. ಮುಖ್ಯಸ್ಥರು ತುದಿಯಲ್ಲಿ. ಎದುರಿಗೆ ಮೂವರು ಹೊರದೇಶದವರು, ನಡುವಿನಾಕೆ ಕೂತಾಗಲೇ ನಿಂತವರಷ್ಟು ಎತ್ತರ. ನರೆಗೂದಲು, ಬಿಸಿಲಿಗೆ ಕೆಂಪಾಗಿ ಸುಕ್ಕುಗಟ್ಟಿದ ಕುತ್ತಿಗೆ, ಕೈಯಲ್ಲಿ ಗಿಡ್ಡ ಪೆನ್ಸಿಲು. ಕೈಪಿಡಿ ಬರೆದವರು ಈಕೆಯ ಎದೆಗೇ ಕೋಲಿಟ್ಟು ಬರೆದಿರಬೇಕು ಎಂದು ಅವಳಿಗೆ ಅನ್ನಿಸಿ, ಅಂಥ ಹೊತ್ತಿನಲ್ಲೂ ನಗು ಬಂತು. ಆದರೆ ಆ ಪೆನ್ಸಿಲು ಅವಳನ್ನು ತಡೆದು ನಿಲ್ಲಿಸಿತು. ಕಾಡಿನಲ್ಲಿ ಬರೆಯುವವರು ಪೆನ್ನು ಇಟ್ಟುಕೊಳ್ಳುವುದಿಲ್ಲ. ಒದ್ದೆಯಾದರೆ ಶಾಯಿ ಹರಡುತ್ತದೆ. ಮುಖ್ಯಸ್ಥರು ಅವಳನ್ನು ಪರಿಚಯಿಸಿದರು. ಎಷ್ಟು ವರ್ಷದ ಸೇವೆ, ಎಂಥಾ ನಿಷ್ಠೆ, ಈಗ ಎಂಥಾ ಧೈರ್ಯದಿಂದ ಮುಂದೆ ಬಂದಿದ್ದಾರೆ. ನಕ್ಷೆಯವನು ಅದನ್ನು ದಾಟಿಸಿದ. ಎಲ್ಲರೂ ಅವಳತ್ತ ತಿರುಗಿದರು. ಅವಳು ಕಾಗದ ಬಿಚ್ಚಿದಳು. ನಡುವಿನ ವಾಕ್ಯ ಕೊನೆಗೂ ಎರಡು ತುಂಡಾಯಿತು.

ಅದನ್ನು ಮೇಜಿನ ಮೇಲಿಟ್ಟು, ನಿಂತೇ ಹೇಳಿದಳು. “ನನ್ನ ತಪ್ಪು ಎರಡು ಬೆರಳು. ನಲವತ್ತು ಮರದಲ್ಲಿ ಅಳೆದು ನೋಡಿದೀನಿ, ಒಂದು ದಾರದಷ್ಟು ವ್ಯತ್ಯಾಸ. ಅದು ನಂದು, ಒಪ್ಕೋತೀನಿ. ಹತ್ತೊಂಬತ್ತು ಪ್ಲಾಟಲ್ಲಿ ಮರವೇ ಇಲ್ಲ. ಕಡಿದಿದ್ದಾರೆ. ಅದು ನನ್ನ ಬೆರಳಲ್ಲ.” ಮುಖ್ಯಸ್ಥರ ಕಣ್ಣು ಅವಳ ಮೇಲಲ್ಲ, ನಕ್ಷೆಯವನ ಮೇಲಿತ್ತು. ನಕ್ಷೆಯವನು ಗಂಟಲು ಸರಿಮಾಡಿಕೊಂಡು ಮಾತಾಡಿದ. ಬಹಳ ಹೊತ್ತು, ಮೆತ್ತಗೆ, ತಲೆ ತಗ್ಗಿಸಿ, ಒಂದೆರಡು ಸಲ ಅವಳತ್ತ ಕೈ ತೋರಿಸಿ. ಎತ್ತರದಾಕೆಯ ಮುಖ ಮೃದುವಾಯಿತು. ಆಕೆ ಎದೆಯ ಮೇಲೆ ಅಂಗೈ ಇಟ್ಟು ಎರಡು ಮಾತು ಹೇಳಿದಳು. “ಪರವಾಗಿಲ್ಲ, ತಪ್ಪು ಯಾರಿಂದ್ಲೂ ಆಗತ್ತೆ, ನೀವು ಬೇಜಾರು ಮಾಡ್ಕೋಬೇಡಿ ಅಂತಾರೆ ಅಕ್ಕ.” ಆ ಕರುಣೆ ಅವಳ ಕೆನ್ನೆಗೆ ಹೊಡೆದ ಹಾಗೆ ಬಂತು. ಹತ್ತೊಂಬತ್ತು ಪ್ಲಾಟಿನಲ್ಲಿ ಮರವಿಲ್ಲ ಎಂದು ಕೇಳಿದವರು ಯಾರೂ ಪರವಾಗಿಲ್ಲ ಅನ್ನುವುದಿಲ್ಲ. ಅದೂ ಕಾಡಿನ ಬಿಸಿಲು ಕಂಡ ಅಂಥ ಕುತ್ತಿಗೆ ಇರುವವಳು. ಪೆನ್ಸಿಲು ಪುಸ್ತಕದ ಮೇಲೆ ಅಡ್ಡ ಮಲಗಿತ್ತು. ನಕ್ಷೆಯವನು ಮಾತಾಡಿದಷ್ಟು ಹೊತ್ತೂ ಅದು ಏಳಲಿಲ್ಲ. ಅವಳ ಮಾತು ಹೊರಟಿತ್ತು, ದಾರಿಯಲ್ಲೇ ಯಾರೋ ಇಳಿಸಿಕೊಂಡಿದ್ದರು. “ಆಯ್ತಲ್ಲ, ನೀವಿನ್ನು ಹೊರಡಿ, ಸುಧಾರಿಸಿಕೊಳ್ಳಿ,” ಎಂದರು ಮುಖ್ಯಸ್ಥರು. ಮಕ್ಕಳನ್ನು ಆಟಕ್ಕೆ ಕಳಿಸುವ ದನಿಯಲ್ಲಿ.

ಅವಳು ಹೊರಡಲಿಲ್ಲ. ಮೇಜಿನ ನಡುವೆ ನಾಳಿನ ಪರೀಕ್ಷೆಗೆಂದು ತಂದಿಟ್ಟ ಖಾಲಿ ಫಾರಮುಗಳ ಕಟ್ಟಿತ್ತು. ನಾಳೆ ಇವರನ್ನು ಯಾವ ಪ್ಲಾಟುಗಳಿಗೆ ಕರೆದೊಯ್ಯುತ್ತಾರೆಂದು ಅವಳಿಗೆ ಗೊತ್ತು: ಮೂರು, ಐದು, ಒಂಬತ್ತು, ರಸ್ತೆಯ ಪಕ್ಕದವು, ಬೀಗರಿಗೆ ತೋರಿಸುವ ಪಡಸಾಲೆಯಂಥವು. ಫಾರಮಿನ ತಲೆಯಲ್ಲಿ ಇವರ ಭಾಷೆಯೂ ಇತ್ತು, ಅವಳ ಭಾಷೆಯೂ ಇತ್ತು. ಆದರೆ ಕೆಳಗೆ ಬರೀ ಚೌಕಗಳು, ಅಂಕಿಗಳು. ಪ್ಲಾಟಿನ ನಂಬರು, ಮರದ ನಂಬರು, ಸುತ್ತಳತೆ, ಮರದ ಸ್ಥಿತಿಗೊಂದು ಅಂಕಿ. ಬದುಕಿದ್ದರೆ ಒಂದು. ನಿಂತೇ ಸತ್ತಿದ್ದರೆ ಎರಡು. ಬಿದ್ದಿದ್ದರೆ ಮೂರು. ಕಡಿದು ಒಯ್ದಿದ್ದರೆ ಒಂಬತ್ತು. ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ನಲವತ್ತೊಂದು ದೇಶದಲ್ಲೂ ಮಾಡಿಸಿರುತ್ತಾರೆ. ಇದಕ್ಕೆ ದಾಟಿಸುವವನು ಬೇಕಾಗಿಲ್ಲ. ಅವಳು ಕೈ ಚಾಚಿದಳು. ಕಟ್ಟು ದೂರವಿತ್ತು, ಎರಡು ಬೆರಳು ದೂರ. ಮೇಜಿಗೆ ಹೊಟ್ಟೆ ಒತ್ತಿ, ಕಾಲ ತುದಿಯಲ್ಲಿ ನಿಂತು ಎಳೆದುಕೊಂಡಳು. ಎತ್ತರದಾಕೆಯ ಪುಸ್ತಕದ ಮೇಲಿನ ಪೆನ್ಸಿಲನ್ನೂ ತೆಗೆದುಕೊಂಡಳು. ಕೇಳಲಿಲ್ಲ.

ಪ್ಲಾಟು: ಹದಿನೇಳು. ಮರ: ಒಂದು. ಸುತ್ತಳತೆ: ಸೊನ್ನೆ. ಸ್ಥಿತಿ: ಒಂಬತ್ತು. ಮರ: ಎರಡು. ಸೊನ್ನೆ. ಒಂಬತ್ತು. “ಏನ್ ಮಾಡ್ತಿದೀರಿ?” ಎಂದರು ಮುಖ್ಯಸ್ಥರು. “ಕೆಲಸ ಸರ್,” ಎಂದಳು, ತಲೆ ಎತ್ತದೆ. ಮೂರು, ಸೊನ್ನೆ, ಒಂಬತ್ತು. ಮೂರನೆಯದು ಇರುವೆ ಸಾಲಿನ ಮರ. ನಾಲ್ಕು ಕವಲೊಡೆದದ್ದು, ಐದರ ತೊಗಟೆ ಬೇಸಿಗೆಯಲ್ಲಿ ಸುಲಿದು ಬೀಳುತ್ತಿತ್ತು. ಅವಳ ಅಕ್ಷರ ದುಂಡಗೆ, ಒತ್ತಿ ಬರೆದದ್ದು, ಆತುರವಿಲ್ಲ. ನಲವತ್ತಮೂರರವರೆಗೂ ಬರೆಯುತ್ತೇನೆ, ಯಾರು ಕೈ ಹಿಡಿಯುತ್ತಾರೋ ಹಿಡಿಯಲಿ, ಹೊರದೇಶದವರ ಮುಂದೆ ಮುದುಕಿಯ ಕೈ ಹಿಡಿದು ಎಳೆಯಲಿ, ನೋಡೋಣ. ಯಾರೂ ಹಿಡಿಯಲಿಲ್ಲ. ಹತ್ತನೇ ಸಾಲಿಗೆ ಬರುವಾಗ ಎತ್ತರದಾಕೆ ಎದ್ದು ಮೇಜು ಬಳಸಿ ಬಂದು ಅವಳ ಹೆಗಲ ಮೇಲಿಂದ ಬಾಗಿ ನೋಡಿದಳು. ಇಪ್ಪತ್ತಕ್ಕೆ ಬರುವಾಗ ಇನ್ನಿಬ್ಬರೂ ಬಂದಿದ್ದರು. ಒಬ್ಬ ಉಪಗ್ರಹದ ಚಿತ್ರ ಎಳೆದುಕೊಂಡು ಬೆರಳಿಟ್ಟು ಏನೋ ಕೇಳಿದ. ಅವಳು ಆ ಬೆರಳನ್ನು ಹಿಡಿದು, ಒಂದಂಗುಲ ಪಕ್ಕಕ್ಕೆ ಸರಿಸಿ, ಇಲ್ಲಿ ಎಂದು ಒತ್ತಿದಳು.

ಫಾರಮಿನ ಕೊನೆಯಲ್ಲಿ ಒಂದು ಚೌಕವಿತ್ತು: ಈ ಸ್ಥಿತಿಯನ್ನು ಮೊದಲು ಕಂಡ ದಿನಾಂಕ. ಅಲ್ಲಿ ಪೆನ್ಸಿಲು ನಿಂತಿತು. ಈ ತಿಂಗಳ ದಿನಾಂಕ ಹಾಕಬಹುದು. ಮೊನ್ನೆ ಹೋದೆ, ಮೊನ್ನೆ ಕಂಡೆ. ಹಾಗೆ ಹಾಕಿದರೆ ಈ ಕೋಣೆಯಿಂದ ಅವಳು ಸೆಟೆದು ಹೊರಗೆ ಹೋಗಬಹುದು, ತಂಗಿಯ ಮುಂದೆ ಎದೆ ತಟ್ಟಿಕೊಳ್ಳಬಹುದು. ಸುಳ್ಳು ಹಿಡಿದುಕೊಟ್ಟ ಮುದುಕಿ. ನಿಜವಾದದ್ದನ್ನು ಹಾಕಿದರೆ, ಆ ಚೌಕದಲ್ಲಿ ಅವಳೂ ಇವರ ಪಕ್ಕದಲ್ಲೇ ನಿಲ್ಲುತ್ತಾಳೆ. ಆರು ವರ್ಷ ಕಂಡೂ ಕಾಣದವಳು, ಜಡೆಯ ಮಾತಾಡಿ ನಕ್ಕವಳು, ಮೊಣಕಾಲಿನ ಮಾತು ಕೇಳಿದವಳು. ಮುಖ್ಯಸ್ಥರು ಅದನ್ನು ಗಮನಿಸಿದರು. ಮೊದಲ ಸಲ ಅವರ ತುಟಿಯಲ್ಲಿ ಸಣ್ಣದೊಂದು ಸಮಾಧಾನ ಕಾಣಿಸಿತು. “ಯೋಚನೆ ಮಾಡಿ ಬರೀರಿ ಅಮ್ಮ,” ಎಂದರು, ಬಹಳ ಮೆತ್ತಗೆ. ಅವಳು ಬರೆದಳು. ದಿನ, ತಿಂಗಳು, ಆರು ವರ್ಷದ ಹಿಂದಿನ ಇಸವಿ. ಬೂಟಿಗೆ ಅಂಟು ಮೆತ್ತಿದ ದಿನವನ್ನು ಮರೆಯುವುದುಂಟೇ.

ಎತ್ತರದಾಕೆ ಇಸವಿಯ ಮೇಲೆ ಬೆರಳಿಟ್ಟಳು. ಆಮೇಲೆ ಅವಳ ಮುಖ ನೋಡಿದಳು. ಈಗ ಆ ಮುಖದಲ್ಲಿ ಕರುಣೆ ಇರಲಿಲ್ಲ. ಒಂದು ಅಳತೆ ಸರಿಯಿದೆಯೇ ಎಂದು ಎರಡನೇ ಸಲ ನೋಡುವವರ ಮುಖ. ಒಂದು ಚಿಕ್ಕ ಪ್ರಶ್ನೆ ಕೇಳಿದಳು. ನಕ್ಷೆಯವನು ಈ ಸಲ ತಡಮಾಡಲಿಲ್ಲ. ಮೂರು ಮಾತನ್ನು ಮೂರೇ ಮಾತಿನಲ್ಲಿ ತಂದುಕೊಟ್ಟ. “ಆರು ವರ್ಷ ನೀವೇನು ಮಾಡ್ತಿದ್ರಿ ಅಂತ ಕೇಳ್ತಿದ್ದಾರೆ, ಅಕ್ಕ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಕಾಲು ತಾಗಲಿಲ್ಲ, ಮೇಜಿನ ಅಡಿಯ ಅಡ್ಡಪಟ್ಟಿಯ ಮೇಲೆ ಎರಡೂ ಪಾದ ಊರಿದಳು.

“ಒಂದು ಸಲ ಬರೆದು ಕೊಟ್ಟೆ. ಆಮೇಲೆ ಸುಮ್ಮನಿದ್ದೆ ಅಂತ ಹೇಳು,” ಎಂದಳು. “ಇದ್ದದ್ದು ಇದ್ದ ಹಾಗೆ ಹೇಳು. ಈ ಸಲ ನಿನ್ನ ಬಾಯಿ ನೋಡಲ್ಲ ನಾನು, ಅವರ ಕೈ ನೋಡ್ತಿರ್ತೀನಿ.” ಪೆನ್ಸಿಲನ್ನು ಎತ್ತರದಾಕೆಗೆ ಹಿಂದಕ್ಕೆ ಕೊಟ್ಟಳು.

ನಕ್ಷೆಯವನು ಮುಖ್ಯಸ್ಥರನ್ನು ನೋಡಿದ. ಮುಖ್ಯಸ್ಥರು ಕಿಟಕಿ ನೋಡುತ್ತಿದ್ದರು. ಅವನು ಹೇಳಿದ, ಆ ಭಾಷೆಯಲ್ಲಿ ಅವನು ಇಷ್ಟು ಚುಟುಕಾಗಿ ಮಾತಾಡಿದ್ದು ಆ ದಿನ ಇದೇ ಮೊದಲು. ಎತ್ತರದಾಕೆ ನಿಂತಲ್ಲೇ ಪುಸ್ತಕ ತೆರೆದು ಬರೆದಳು. ಒಂದು ಸಾಲು, ಅದರ ಕೆಳಗೆ ಇನ್ನೊಂದು. ಆಮೇಲೆ ತನ್ನ ಚೀಲದಿಂದ ಇನ್ನೊಂದು ಪೆನ್ಸಿಲು ತೆಗೆದು, ಅದರ ಮೊನೆಯನ್ನು ಬೆರಳಿನಿಂದ ಪರೀಕ್ಷಿಸಿ, ಅವಳ ಮುಂದಿಟ್ಟಳು.

ಅವಳು ಕಟ್ಟಿನಿಂದ ಎರಡನೇ ಹಾಳೆ ಎಳೆದಳು. ಪ್ಲಾಟು: ಇ‌ಪ್ಪತ್ತೆರಡು.

“ಸರ್,” ಎಂದಳು, ಬರೆಯುತ್ತಲೇ, “ಇನ್ನೂ ಹದಿನೆಂಟು ಹಾಳೆ ಇದೆ. ಚಹಾ ಇಲ್ಲಿಗೇ ತರಿಸಿಬಿಡಿ.”